ಬಿಂದಿಗೆಯ ಭಾರ ಎಲ್ಲಿದೆಯೆಂದು ಮೊದಲು ನೋಡೋಣ

ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಎರಡು ಸಾಧನಗಳನ್ನು ಬೆಂಗಳೂರಿನ ಕೊಳೆಗೇರಿಗಳಿಗೆ ತರಿಸಬಹುದೇ ಎಂದು ನೀರು ಸರಬರಾಜು ಇಂಜಿನಿಯರ್ ಆದ ನನ್ನನ್ನು ಹಲವರು ಕೇಳುತ್ತಾರೆ. ಒಂದು, 90 ಲೀಟರ್ ನೀರು ತುಂಬಿ, ಹಿಡಿಕೆ ಹಿಡಿದು ನೆಲದ ಮೇಲೆ ಉರುಳಿಸಿಕೊಂಡು ಹೋಗುವ ಹಿಪ್ಪೋ ರೋಲರ್. ಇನ್ನೊಂದು, ಉದ್ದಿನ ವಡೆಯಂತೆ ನಡುವೆ ತೂತಿರುವ, ಆ ತೂತಿನಲ್ಲಿ ಹಗ್ಗ ಹಾಯಿಸಿ ಎಳೆಯುವ 50 ಲೀಟರಿನ ಕ್ಯೂ ಡ್ರಮ್. ಎರಡರಲ್ಲೂ ನೀರಿನ ತೂಕವನ್ನು ನೆಲವೇ ಹೊರುತ್ತದೆ. ಮನುಷ್ಯರು ಹಾಕಬೇಕಾದದ್ದು ಡ್ರಮ್ ಉರುಳುವುದಕ್ಕೆ ಬೇಕಾದಷ್ಟು ಬಲ ಮಾತ್ರ. ಸಮತಟ್ಟಾದ ಮಣ್ಣಿನ ದಾರಿಯಲ್ಲಿ ಮೈಲುಗಟ್ಟಲೆ ನೀರು ಹೊರುವ ಹೆಂಗಸರಿಗೂ ಮಕ್ಕಳಿಗೂ ಇದು ದೊಡ್ಡ ಉಪಕಾರ.

ನಮ್ಮ ಕೊಳೆಗೇರಿಗಳ ಕಷ್ಟ ಬೇರೆ. ಇಲ್ಲಿ ಬೀದಿ ನಲ್ಲಿ ಸಾಮಾನ್ಯವಾಗಿ ಮನೆಯಿಂದ ಕೂಗಳತೆಯಲ್ಲೇ ಇರುತ್ತದೆ. ಆದರೆ ನಲ್ಲಿಗೂ ಮನೆಗೂ ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಓಣಿ, ಅಲುಗಾಡುವ ಚರಂಡಿ ಚಪ್ಪಡಿಗಳು, ಬಾಗಿಲ ಮುಂದೆ ಕಡಿದಾದ ಮೆಟ್ಟಿಲುಗಳು ಇರುತ್ತವೆ. ಅಂಥಲ್ಲಿ ಡ್ರಮ್ ತಿರುಗಿಸಲು ಜಾಗವೇ ಇಲ್ಲ. ಇದಕ್ಕಿಂತ ಗಟ್ಟಿಯಾದ ಅಡ್ಡಿ ಸರದಿಯ ಕಟ್ಟುಪಾಡು. ಒಂದು ಸರದಿಗೆ ಎರಡೇ ಬಿಂದಿಗೆ ಎಂದು ಓಣಿಯವರೇ ಮಾಡಿಕೊಂಡ ನಿಯಮವಿರುವಲ್ಲಿ 90 ಲೀಟರಿನ ಪಾತ್ರೆ ತಂದವರನ್ನು ಹಿಂದೆ ನಿಂತವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಾಗಾದರೆ ಇಲ್ಲಿ ನಿಜವಾದ ಶ್ರಮ ಎಲ್ಲಿದೆ? ನನ್ನ ಅನುಭವದಲ್ಲಿ ಅದು ಎತ್ತುವುದರಲ್ಲಿದೆ, ಕಾಯುವುದರಲ್ಲಿದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಆಗಿ ಬರುವ ಕಾವೇರಿ ನೀರು ನಗರದ ಜಲಾಗಾರಗಳಿಂದ ಹಂಚಿಕೆಯಾಗಿ ಕೊಳವೆಜಾಲದ ತುದಿಯ ಓಣಿಗಳನ್ನು ಮುಟ್ಟುವಷ್ಟರಲ್ಲಿ ಒತ್ತಡ ಬಹಳ ಕುಗ್ಗಿರುತ್ತದೆ. ಆಗ ಜನ ಮಂಡಿಯುದ್ದದ ಗುಂಡಿ ತೋಡಿ, ಕೊಳವೆಯ ಬಾಯನ್ನು ನೆಲಮಟ್ಟಕ್ಕಿಂತ ಕೆಳಗಿಳಿಸಿ ನೀರು ಹಿಡಿಯುತ್ತಾರೆ. ತುಂಬಿದ ಬಿಂದಿಗೆ 15 ಕಿಲೋ ತೂಗುತ್ತದೆ. ಅದನ್ನು ಗುಂಡಿಯ ಅಂಚಿನಲ್ಲಿ ಬಗ್ಗಿ, ಕೈಚಾಚಿ, ಒದ್ದೆ ಕೈಯಲ್ಲಿ ಕಂಠ ಹಿಡಿದು ಮೇಲೆತ್ತಬೇಕು. ಮನೆಯವರೆಗೆ ಹೊತ್ತು ನಡೆಯುವುದಕ್ಕಿಂತ ಆ ಒಂದು ಕ್ಷಣದಲ್ಲೇ ಸೊಂಟದ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ಅದೇ ಗುಂಡಿಯಲ್ಲಿ ನಿಂತ ಕೊಳಕು ನೀರು, ಸರಬರಾಜು ನಿಂತು ಕೊಳವೆ ಬರಿದಾಗುವಾಗ ಒಳಕ್ಕೆ ಎಳೆದುಕೊಂಡು, ಮುಂದಿನ ಸಲ ನೀರು ಬಿಟ್ಟಾಗ ಬಿಂದಿಗೆಗೆ ಬರುತ್ತದೆ.

ಒತ್ತಡ ಸಾಕಷ್ಟಿರುವ ಕಡೆ ಇದಕ್ಕೆ ಎರಡಡಿ ಎತ್ತರದ ಒಂದು ಕಟ್ಟೆ ಸಾಕು. ಬಿಂದಿಗೆ ಕಟ್ಟೆಯ ಮೇಲೆಯೇ ತುಂಬಿದರೆ ಬಗ್ಗದೆ ನೇರವಾಗಿ ಸೊಂಟಕ್ಕೆ ಬರುತ್ತದೆ. ತಲೆಯ ಮೇಲೆ ಸಿಂಬಿ ಇಟ್ಟು ಹೊರುವವರಿಗೆ ಪಕ್ಕದಲ್ಲಿ ಎದೆಮಟ್ಟದ ಇನ್ನೊಂದು ಮೆಟ್ಟಿಲು ಕಟ್ಟಿಕೊಡಬಹುದು. ಒತ್ತಡವಿಲ್ಲದ ಕಡೆ ನೀರನ್ನು ನೆಲದೊಳಗಿನ ಮುಚ್ಚಿದ ಸಂಪ್ ತೊಟ್ಟಿಗೆ ಇಳಿಸಿ, ಸಣ್ಣ ಮೋಟಾರಿನಿಂದ ತೊಂಬೆಗೆ ಏರಿಸಬೇಕು. ನಮ್ಮ ಹಳ್ಳಿಗಳಲ್ಲಿ ಸುತ್ತ ನಾಲ್ಕಾರು ನಲ್ಲಿ ಕೂಡಿಸಿದ ಈ ಚಿಕ್ಕ ಟ್ಯಾಂಕನ್ನು ಎಲ್ಲರೂ ಬಲ್ಲರು. ವಿದೇಶದ ಯಾವ ಡ್ರಮ್ಮಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವ ಸಾಧನ ಇದೆಂಬುದು ನನ್ನ ದೃಢ ಅಭಿಪ್ರಾಯ.

ಲೆಕ್ಕ ನೋಡಿ. ನಿಮಿಷಕ್ಕೆ 5 ಲೀಟರ್ ಸುರಿಯುವ ನಲ್ಲಿಯಲ್ಲಿ ಒಂದು ಬಿಂದಿಗೆ ತುಂಬಲು 3 ನಿಮಿಷ ಬೇಕು. 40 ಮನೆಗಳಿಗೆ ತಲಾ 4 ಬಿಂದಿಗೆ ಎಂದರೆ 8 ಗಂಟೆ. ನೀರು 4 ಗಂಟೆ ಮಾತ್ರ ಬಂದರೆ ಮುಂದೆ ನಿಂತ 20 ಮನೆಯವರು ತುಂಬಿಸಿಕೊಳ್ಳುತ್ತಾರೆ, ಉಳಿದವರು ಬರಿ ಬಿಂದಿಗೆ ಹಿಡಿದು ಮರಳುತ್ತಾರೆ. ತೊಂಬೆಯಿಂದ ಒಂದು ಲೀಟರೂ ಹೆಚ್ಚಾಗುವುದಿಲ್ಲ. ಆದರೆ ನಡುರಾತ್ರಿ ನೀರು ಬಿಟ್ಟರೂ ಅದರಲ್ಲಿ 1200 ಲೀಟರ್ ಸೇರಿ, ಬೆಳಿಗ್ಗೆ ನಾಲ್ಕು ನಲ್ಲಿಗಳಲ್ಲಿ ಮನೆಗೆ ಎರಡು ಬಿಂದಿಗೆಯಂತೆ ಎಲ್ಲರಿಗೂ ಸಿಗುತ್ತದೆ. ನಿದ್ದೆಗೆಟ್ಟು ಕಾಯುವುದು ತಪ್ಪುತ್ತದೆ. ತುಂಬಿದ ಮೇಲೆ ಉಕ್ಕಿ ಹರಿಯದಂತೆ ಸಂಪಿನ ಕೊಳವೆಗೆ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್, ಮೋಟಾರಿಗೆ ತಾನೇ ಆರುವ ಫ್ಲೋಟ್ ಸ್ವಿಚ್ ಹಾಕಿದರಾಯಿತು.

ನಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ, ಅದಕ್ಕೆ ಪೈಪ್ ಸಿಕ್ಕಿಸಿ ಮನೆಯ ಡ್ರಮ್ಮಿಗೇ ನೀರು ಹಾಯಿಸುವುದು ಜನರೇ ಕಂಡುಕೊಂಡ ಒಳ್ಳೆಯ ಉಪಾಯ. ಬಳಸಿದ ಮೇಲೆ ಪೈಪಿನ ತುದಿ ಚರಂಡಿಯ ಬಳಿ ಬಿದ್ದಿರುವುದು ಮಾತ್ರ ಅಪಾಯ. ಗೋಡೆಗೆ ಒಂದು ಮೊಳೆ ಹೊಡೆದು ಅದನ್ನು ಮೇಲೆ ನೇತುಹಾಕಬೇಕು. ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತರುವವರು ಕೈಗಾಡಿ ಮಾಡಿಸುವುದಾದರೆ ಹಳೆಯ ಸೈಕಲ್ಲಿನ ಚಕ್ರಗಳನ್ನೇ ಹಾಕಿಸಲಿ, ಏಕೆಂದರೆ ಸಣ್ಣ ಚಕ್ರ ಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇವೆಲ್ಲ ಉಳಿಯುವುದು ಉಸ್ತುವಾರಿಯಿಂದ. ಎಷ್ಟೋ ಕಡೆ ಒಂದು ವಾಷರ್ ಸವೆದ ನಲ್ಲಿಯಿಂದಲೇ ತೊಂಬೆಯ ಅರ್ಧ ನೀರು ರಾತ್ರಿಯಿಡೀ ಸೋರಿಹೋಗುತ್ತದೆ. ಆದ್ದರಿಂದ ತೊಂಬೆ ಕೂಡಿಸುವ ದಿನವೇ ಅದರ ಬೀಗದ ಕೈ ಯಾರ ಮನೆಯಲ್ಲಿರಬೇಕು, ಯಾವ ವಾರ ಯಾರು ತೊಳೆಯಬೇಕು ಎಂಬುದನ್ನು ಓಣಿಯ ಹೆಂಗಸರೇ ಕೂತು ಗೊತ್ತುಮಾಡಿಕೊಳ್ಳಬೇಕು. ಒಂದು ಸ್ಪಾನರ್ ಮತ್ತು ಬಿಡಿ ವಾಷರ್‌ಗಳ ಪೊಟ್ಟಣವೂ ಬೀಗದ ಕೈಯ ಜೊತೆಗೇ ಆ ಮನೆಯಲ್ಲಿರಬೇಕು.