ಆಶ್ಲೇಷ ಮಳೆಯಲ್ಲಿ ಶೆಡ್ಡಿನ ನೆಲ ನೋಡಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕಾರು ಶೆಡ್ಡು ಧರೆ, ಅಂದರೆ ಗುಡ್ಡದ ಮಣ್ಣಿನ ದಿಬ್ಬ, ಕಡಿದು ಮಾಡಿದ ಜಾಗದಲ್ಲಿದೆ. ಒಂದು ಏಪ್ರಿಲ್‌ನಲ್ಲಿ ಅದರ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಎಂಬ ಗಟ್ಟಿ ಪದರ ಕಟ್ಟುವ ಬಣ್ಣ ಬಳಿಸಿದೆವು. ನೆಲ ಆಗ ಹಪ್ಪಳದ ಹಾಗೆ ಒಣಗಿತ್ತು. ಆಶ್ಲೇಷ ಮಳೆ ಹಿಡಿದ ವಾರ ಧರೆಯ ಬದಿಗೆ ಬಟಾಣಿ ಗಾತ್ರದ ಬೊಕ್ಕೆಗಳೆದ್ದವು. ಒಂದನ್ನು ಸೂಜಿಯಿಂದ ಚುಚ್ಚಿದರೆ ನೀರು ಬಂತು, ಬೆರಳಿಗೆ ಸೋಪಿನಂತೆ ಜಾರಿತು. ಮಳೆನೀರು ಹಾಗೆ ಜಾರುವುದಿಲ್ಲ. ಸಿಮೆಂಟಿನ ಕ್ಷಾರವನ್ನು ಕರಗಿಸಿಕೊಂಡು ಕೆಳಗಿನಿಂದ ಬಂದ ನೀರು ಅದು.

ಕಾಂಕ್ರೀಟ್ ಕಲ್ಲಿನಂತೆ ಕಂಡರೂ ಒಳಗೆಲ್ಲ ಸೂಕ್ಷ್ಮ ರಂಧ್ರಗಳೇ. 50 ಕೆ.ಜಿ. ಸಿಮೆಂಟು ಗಟ್ಟಿಯಾಗುವ ರಾಸಾಯನಿಕ ಕ್ರಿಯೆಗೆ ಸುಮಾರು 12 ಲೀಟರ್ ನೀರು ಸಾಕು. ಕಲಸಲು, ಹರಡಲು ಸಲೀಸಾಗಲೆಂದು ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಸುರಿಯುತ್ತೇವೆ. ಹೆಚ್ಚಾದ ನೀರು ಆರಿಹೋದಾಗ ಅದು ಇದ್ದ ಜಾಗ ಕೂದಲಿಗಿಂತ ತೆಳುವಾದ ನಾಳಗಳಾಗಿ ಉಳಿಯುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ನಾಳಗಳು ಅಡಿಮಣ್ಣಿನ ಪಸೆಯನ್ನು ಮೇಲಕ್ಕೆಳೆಯುತ್ತವೆ.

ಬರಿ ನೆಲದಲ್ಲಿ ಇದು ತೊಂದರೆಯೇ ಅಲ್ಲ. ಪಸೆ ಮೇಲೆ ಬಂದು ಆರಿಹೋಗುತ್ತದೆ, ಹೆಚ್ಚೆಂದರೆ ಬಿಳಿ ಪುಡಿ ಉಳಿಯುತ್ತದೆ. ಸೆಗಣಿ ಸಾರಿಸಿದ ಅಂಗಳ ಅಷ್ಟು ಮಳೆ ಕಂಡೂ ಬೊಕ್ಕೆ ಏಳದಿರುವುದು ಅದಕ್ಕೇ, ಅದು ಆವಿಯನ್ನು ತಡೆಯುವುದಿಲ್ಲ. ಎಪಾಕ್ಸಿ ತಡೆಯುತ್ತದೆ. ದಾರಿ ಕಾಣದ ಕ್ಷಾರದ ನೀರು ಬಣ್ಣದಡಿ ನಿಂತು ಅದರ ಹಿಡಿತ ಬಿಡಿಸುತ್ತದೆ.

ಹಾಗೆಂದು ಒದ್ದೆ ಕಂಡ ನೆಲಕ್ಕೆಲ್ಲ ಅಡಿಯಿಂದಲೇ ನೀರು ಬರುತ್ತಿದೆ ಎನ್ನಲಾಗದು. ಮಳೆಗಾಲದ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿದರೂ ನೆಲ ಬೆವರುತ್ತದೆ. ಇವೆರಡನ್ನು ಬೇರ್ಪಡಿಸಲು ಒಂದು ಪ್ಲಾಸ್ಟಿಕ್ ಹಾಳೆ ಸಾಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಹಾಳೆಯ ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪು ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಬಿಸಿಲು ನೇರ ಬೀಳಬಾರದು. ಹನಿಗಳು ಹಾಳೆಯ ಮೇಲೆ ಮಾತ್ರ ಇದ್ದರೆ ಗಾಳಿಯ ತೇವ. ಹಾಳೆಯ ಅಡಿಯಲ್ಲಿ ಹನಿಗಟ್ಟಿದರೆ, ಅಥವಾ ಅಲ್ಲಿ ಕಾಂಕ್ರೀಟ್ ಕಪ್ಪಗಾಗಿದ್ದರೆ, ನೀರು ನೆಲದೊಳಗಿನದು. ಹನಿ ಕಾಣಲಿಲ್ಲವೆಂದು ಪೂರ್ತಿ ನಂಬಲೂ ಬಾರದು. ಖಚಿತ ಅಳತೆ ಬೇಕಿದ್ದರೆ ನೆಲದ ದಪ್ಪದ ಶೇ 40ರಷ್ಟು ಆಳಕ್ಕೆ ತೂತು ಕೊರೆದು, ಒಳಗಿನ ಆರ್ದ್ರತೆಯನ್ನು ಮೀಟರಿನಿಂದ ನೋಡುವ ಕ್ರಮವಿದೆ. ನಾಲ್ಕಿಂಚಿನ ನೆಲಕ್ಕೆ ಅದು ಸುಮಾರು 4 ಸೆಂ.ಮೀ. ಆಳ.

ನಾವು ತಪ್ಪಿದ್ದು ಕಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ. ಘಟ್ಟದ ಈ ಸೀಮೆಯಲ್ಲಿ ಪುನರ್ವಸು, ಪುಷ್ಯ ಕಳೆಯುವ ಹೊತ್ತಿಗೆ ಧರೆ ನೀರು ಕುಡಿದು ಬುಡದಲ್ಲಿ ಒರತೆ ಬಿಟ್ಟಿರುತ್ತದೆ. ಏಪ್ರಿಲ್‌ನ ಒಣ ನೆಲ ಇದ್ಯಾವುದನ್ನೂ ಹೇಳುವುದಿಲ್ಲ. ಬಳಿಯುವುದು ಬೇಸಿಗೆಯಲ್ಲೇ ಆಗಲಿ. ಆದರೆ ಹಾಳೆಯ ಪರೀಕ್ಷೆ ಹಿಂದಿನ ಆಶ್ಲೇಷದಲ್ಲಿ ಆಗಿರಲೇಬೇಕು.

ಹೊಸ ನೆಲ ಹಾಕುವವರ ಕೆಲಸ ಹಗುರ. ಕಾಂಕ್ರೀಟಿನಡಿ ದಪ್ಪ ಪಾಲಿಥೀನ್ ಹಾಸಿ, ಹಾಳೆಗಳು ಕೂಡುವ ಕಡೆ ಅಂಚುಗಳನ್ನು ಒಂದರ ಮೇಲೊಂದು ಬರುವಂತೆ ಮುಚ್ಚಿದರೆ ಅಡಿಮಣ್ಣಿನ ಪಸೆ ಅಲ್ಲೇ ನಿಲ್ಲುತ್ತದೆ. 28 ದಿನದ ಕ್ಯೂರಿಂಗ್ ಮುಗಿದ ಮಾತ್ರಕ್ಕೆ ನೆಲ ಒಣಗಿರುವುದಿಲ್ಲ, ಅದು ಬಲ ಬರುವ ಲೆಕ್ಕ. ಒಳ್ಳೆಯ ಹವೆಯಲ್ಲೂ ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಆರಲು ಬೇಕೆಂಬುದು ಕಟ್ಟಡದವರ ಅಂದಾಜು.

ಹಳೆಯ ನೆಲಕ್ಕೆ ತೇವ ತಡೆಯುವ ವಿಶೇಷ ಎಪಾಕ್ಸಿ ಪ್ರೈಮರ್ ಸಿಗುತ್ತದೆ. ನಾವು ಮೊದಲು ನೀರಿನ ದಾರಿ ತಪ್ಪಿಸಿದೆವು. ಧರೆಯ ಬುಡಕ್ಕೆ ನೆಲಕ್ಕಿಂತ ಎರಡಡಿ ಆಳದ ಚರಂಡಿ ತೋಡಿ, ಜಲ್ಲಿ ತುಂಬಿ, ತೋಟದ ಕಡೆಗೆ ಹರಿಸಿದೆವು. ಮರು ಆಶ್ಲೇಷದಲ್ಲಿ ನಾಲ್ಕು ಕಡೆ ಹಾಳೆ ಅಂಟಿಸಿದೆ. ಮೂರು ಒಣಗಿದ್ದವು. ಧರೆಯ ಮೂಲೆಯದರಲ್ಲಿ ಇನ್ನೂ ಹನಿ ಇತ್ತು, ಆ ಮೂಲೆಯನ್ನು ಬಣ್ಣವಿಲ್ಲದೆ ಬಿಟ್ಟಿದ್ದೇವೆ.