ವರ್ಚುವಲ್ ಮೈಕ್ರೋಸ್ಕೋಪಿ ಎಂದರೇನು?

ಗಾಜಿನ ಸ್ಲೈಡಿನ ಮೇಲಿರುವ ಅಂಗಾಂಶದ ತೆಳುಪದರವನ್ನು ಸ್ಕ್ಯಾನರಿನಿಂದ ಇಡಿಯಾಗಿ ಚಿತ್ರಿಸಿಕೊಂಡು, ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಸರಿಸುತ್ತ, ಹಿಗ್ಗಿಸುತ್ತ ಪರಿಶೀಲಿಸುವ ಕ್ರಮಕ್ಕೆ ವರ್ಚುವಲ್ ಮೈಕ್ರೋಸ್ಕೋಪಿ ಎಂದು ಹೆಸರು. ‘ವರ್ಚುವಲ್’ ಎಂದೊಡನೆ ಶಾಲೆಯಲ್ಲಿ ಓದಿದ ‘ಮಿಥ್ಯ ಪ್ರತಿಬಿಂಬ’ ನೆನಪಾಗಬಹುದು. ತಮಾಷೆಯೆಂದರೆ, ನಿಜವಾದ ಸೂಕ್ಷ್ಮದರ್ಶಕದ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಕಣ್ಣಿಗೆ ಕಾಣುವುದೇ ಮಿಥ್ಯ ಪ್ರತಿಬಿಂಬ. ಪರದೆಯ ಮೇಲಿನ ಜೀವಕೋಶಗಳಾದರೋ ಮಿಥ್ಯವಲ್ಲ, ರೋಗಿಯವೇ.

ಇದನ್ನು ಪಠ್ಯಪುಸ್ತಕದ ಫೋಟೋದೊಡನೆ ಗೊಂದಲ ಮಾಡಿಕೊಳ್ಳಬಾರದು. ಫೋಟೋದಲ್ಲಿ ಎಲ್ಲಿ ನೋಡಬೇಕೆಂಬುದನ್ನು ಬೇರೊಬ್ಬರು ಮೊದಲೇ ತೀರ್ಮಾನಿಸಿರುತ್ತಾರೆ. ಇಲ್ಲಿ ಆ ಹುಡುಕಾಟ ವಿದ್ಯಾರ್ಥಿಯದೇ. ಬೆಂಗಳೂರಿನಲ್ಲಿ ಎಂಬಿಬಿಎಸ್ ಎರಡನೆಯ ವರ್ಷದ ಪೆಥಾಲಜಿ (ರೋಗಶಾಸ್ತ್ರ) ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕ್ಷಯ ತಗುಲಿದ ದುಗ್ಧಗ್ರಂಥಿಯ (ಲಿಂಫ್ ನೋಡ್) ಸ್ಲೈಡನ್ನು ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ತೆರೆದಳೆನ್ನಿ. ಕಡಿಮೆ ವರ್ಧನೆಯಲ್ಲಿ ನೀಲಿ ಚುಕ್ಕೆಗಳ ನಡುವೆ, ಕೋಶಗಳ ಗುರುತೇ ಅಳಿಸಿಹೋದ ನಸುಗೆಂಪು ತೇಪೆಯೊಂದು ಕಾಣುತ್ತದೆ; ಅದರ ಅಂಚು ಹಿಡಿದು ಹತ್ತಿರ ಹೋದರೆ, ಕುದುರೆಲಾಳದ ಆಕಾರದಲ್ಲಿ ನ್ಯೂಕ್ಲಿಯಸ್ಸುಗಳನ್ನು ಜೋಡಿಸಿಕೊಂಡ ಲ್ಯಾಂಗ್‌ಹಾನ್ಸ್ ದೈತ್ಯಕೋಶ ಸಿಗುತ್ತದೆ. ದೂರದಿಂದ ನೋಡಿ ಜಾಗ ಗುರುತಿಸಿ, ಬಳಿಕ ಸಮೀಪಿಸುವ ಈ ಅಭ್ಯಾಸವೇ ಪೆಥಾಲಜಿ ಪಾಠದ ಜೀವಾಳ ಎಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಎಲ್ಲರಿಗೂ ಒಂದೇ ಸ್ಲೈಡ್ ಸಿಗುತ್ತದೆಂಬ ಅನುಕೂಲವೂ ಇದೆ. ಅದು ಒಡೆಯುವುದಿಲ್ಲ, ಬಣ್ಣ ಮಾಸುವುದಿಲ್ಲ.

ಕಡತ ಮಾತ್ರ ದೈತ್ಯ ಗಾತ್ರದ್ದು. ಒಂದು ಪಿಕ್ಸೆಲ್‌ಗೆ 0.25 ಮೈಕ್ರಾನ್ ಲೆಕ್ಕದಲ್ಲಿ, 15 ಮಿಲಿಮೀಟರ್ ಉದ್ದಗಲದ ಅಂಗಾಂಶಕ್ಕೆ 360 ಕೋಟಿ ಪಿಕ್ಸೆಲ್‌ಗಳಾಗುತ್ತವೆ. ಕುಗ್ಗಿಸದೆ ಇಟ್ಟರೆ ಸುಮಾರು 11 ಜಿಬಿ. ಆದುದರಿಂದ ಚಿತ್ರವನ್ನು ಕುಗ್ಗಿಸಿ, ಬೇರೆಬೇರೆ ವರ್ಧನೆಯ ಪದರಗಳಾಗಿ, ಪ್ರತಿ ಪದರವನ್ನು ಚಿಕ್ಕ ಚೌಕಗಳಾಗಿ ವಿಂಗಡಿಸಿಡುತ್ತಾರೆ. ನೋಡುತ್ತಿರುವ ಜಾಗದ ಚೌಕಗಳಷ್ಟೇ ಇಳಿದು ಬರುವುದರಿಂದ ಸಾಧಾರಣ ಇಂಟರ್ನೆಟ್‌ನಲ್ಲಿಯೂ ಕೆಲಸ ಸಾಗುತ್ತದೆ.

ಕೊರತೆಯಿರುವುದು ಫೋಕಸ್ಸಿನಲ್ಲಿ. ಸಾಮಾನ್ಯವಾಗಿ ಸ್ಕ್ಯಾನರ್ ಒಂದೇ ಆಳದಲ್ಲಿ ಚಿತ್ರ ತೆಗೆಯುತ್ತದೆ; ಹಲವು ಆಳಗಳಲ್ಲಿ ತೆಗೆಯಬಹುದಾದರೂ ಕಡತ ಅಷ್ಟೇ ಪಟ್ಟು ಬೆಳೆಯುತ್ತದೆ. ಝೀಲ್-ನೀಲ್ಸನ್ ವಿಧಾನದಲ್ಲಿ ಬಣ್ಣ ಹಾಕಿದ ಕಫದ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, 100 ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡಿನ ಕಡೆಯ ಮಸೂರ) ಇಳಿಸಿ, ಫೈನ್ ಫೋಕಸ್ ತಿರುಪನ್ನು ಅತ್ತಿತ್ತ ಆಡಿಸುತ್ತ ಕೆಂಪು ಕಡ್ಡಿಯಂಥ ಕ್ಷಯಾಣುವನ್ನು ಹಿಡಿಯುವ ಕೈಚಳಕವನ್ನು ಮೌಸ್ ಕಲಿಸುವುದಿಲ್ಲ. ಅದಕ್ಕೆ ಪ್ರಾಕ್ಟಿಕಲ್ ಹಾಲಿಗೇ ಹೋಗಬೇಕು.