ಸುಣ್ಣ ಸುಟ್ಟ ಕಲೆಯೆಂದು ಬಿಟ್ಟುಬಿಡುವ ಬಿಳಿ ಮಚ್ಚೆ

ನಲವತ್ತು ಐವತ್ತು ವರ್ಷ ಒಂದೇ ದವಡೆಯಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕಿನ ಕವಳ ಒತ್ತಿಕೊಂಡು ಬಂದ ಹಿರಿಯರ ಕೆನ್ನೆಯ ಒಳಮೈಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದರೆ, ಎಷ್ಟೋ ಸಲ ಅಲ್ಲೊಂದು ಬಿಳಿ ಮಚ್ಚೆ ಕಾಣುತ್ತದೆ. ಹತ್ತಿ ಬಟ್ಟೆಯಿಂದ ಒರೆಸಿದರೆ ಅದು ಹೋಗುವುದಿಲ್ಲ, ಮುಟ್ಟಿದರೆ ನೋಯುವುದೂ ಇಲ್ಲ. ಕೇಳಿದರೆ, ಯಾವತ್ತೋ ಸುಣ್ಣ ಹೆಚ್ಚಾಗಿ ಸುಟ್ಟಿದ್ದು ಎನ್ನುತ್ತಾರೆ. ಸುಣ್ಣ ಸುಡುವುದು ನಿಜವೇ ಆದರೂ, ಆ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ. ತಿಂಗಳುಗಟ್ಟಲೆ ಉಳಿಯುವ ಮಚ್ಚೆಯ ಕಾರಣ ಬೇರೆಯೇ ಇರುತ್ತದೆ.

ಕೆನ್ನೆಯ ಒಳಪದರಕ್ಕೆ ಅಂಗಾಲಿಗಿರುವಂಥ ಗಟ್ಟಿ ಹೊದಿಕೆ ಸಹಜವಾಗಿ ಇರುವುದಿಲ್ಲ. ತಂಬಾಕು ಮತ್ತು ಅಡಿಕೆಯ ಕಿರುಕುಳ ನಿತ್ಯವಾದಾಗ ಆ ಪದರ ದಪ್ಪವಾಗಿ, ಕೆರಾಟಿನ್ ಎಂಬ ಪ್ರೋಟೀನನ್ನು ಹೊದ್ದುಕೊಳ್ಳುತ್ತದೆ. ದಿನವಿಡೀ ಗದ್ದೆಯ ನೀರಿನಲ್ಲಿ ನಿಂತು ನಾಟಿ ಮಾಡಿದವರ ಅಂಗಾಲು ಬೆಳ್ಳಗಾಗುವಂತೆ, ಜೊಲ್ಲಿನಲ್ಲಿ ನೆನೆದ ಕೆರಾಟಿನ್ ಕೂಡ ಬೆಳ್ಳಗೆ ಕಾಣುತ್ತದೆ. ಬೇರಾವ ಕಾಯಿಲೆಯೂ ಕಾರಣವಲ್ಲವೆಂದು ಖಚಿತವಾದ ಇಂಥ ಮಚ್ಚೆಯನ್ನು ವೈದ್ಯರು ಲ್ಯುಕೋಪ್ಲಾಕಿಯ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ. ಯಾವುದು ಆದೀತು ಎಂಬುದನ್ನು ಮಾತ್ರ ಬರಿಗಣ್ಣು ಹೇಳಲಾರದು. ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಡಿ ಜೀವಕೋಶಗಳ ಗಾತ್ರ ಮತ್ತು ಜೋಡಣೆ ಎಷ್ಟು ಕೆಟ್ಟಿದೆಯೆಂದು ನೋಡಬೇಕು. ನಾಲಿಗೆಯ ಅಂಚಿನಲ್ಲಿ, ನಾಲಿಗೆಯ ಕೆಳಗೆ ಇರುವ ಮಚ್ಚೆಗಳು ಹೆಚ್ಚು ಅಪಾಯಕಾರಿ. ಅಪರೂಪದ ಕೆಂಪು ಮಖಮಲ್ಲಿನಂಥ ಮಚ್ಚೆಯಂತೂ ಬಿಳಿಯದಕ್ಕಿಂತ ಬಹಳ ಅಪಾಯದ್ದು. ಪರೀಕ್ಷಿಸುವ ಹೊತ್ತಿಗೇ ಅದರಲ್ಲಿ ಕ್ಯಾನ್ಸರ್ ಇರುವುದುಂಟು.

ತಂಬಾಕಿಲ್ಲದ ಬರೀ ಎಲೆಯಡಿಕೆಯಿಂದ ತೊಂದರೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಲೋಳೆಪೊರೆಯ ಕೆಳಗಿನ ಕೋಶಗಳಿಂದ ಮಿತಿಮೀರಿ ಕೊಲಾಜೆನ್ ನಾರು ಹುಟ್ಟಿಸುತ್ತದೆ. ಕೆನ್ನೆ ಬಿಗಿಯುತ್ತದೆ, ಸಾರಿನ ಖಾರವೂ ಉರಿಯುತ್ತದೆ, ಕೊನೆಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಇದೂ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಸ್ಥಿತಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2003ರಲ್ಲಿ ಸೇರಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿದರು. ಅಡಿಕೆಯನ್ನೇ ನಂಬಿದ ಸೀಮೆಯಲ್ಲಿ ಇದು ರುಚಿಸದ ಮಾತು. ಆದರೆ ಬೆಳೆಯ ಬೆಲೆಯ ವಾದವನ್ನೂ ಬಾಯಿಯ ಪರೀಕ್ಷೆಯನ್ನೂ ಬೆರೆಸಬಾರದು.

ಪತ್ತೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ದಾಟಿದವರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿ, ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು.

ವಯಸ್ಸಾದವರಲ್ಲಿ ಇನ್ನೊಂದು ತೊಡಕಿದೆ: ಏನೇ ಕಂಡರೂ ದೂರು ಹಲ್ಲಿನ ಸೆಟ್ಟಿನ ಮೇಲೆ ಹೋಗುತ್ತದೆ. ಸೆಟ್ಟು ಉಜ್ಜಿ ಆದ ಹುಣ್ಣಾದರೆ, ಸೆಟ್ಟನ್ನು ಸರಿಪಡಿಸಿದ ಎರಡು ವಾರಗಳಲ್ಲಿ ಮಾಯಬೇಕು. ಮಾಯದಿದ್ದರೆ ಬಯಾಪ್ಸಿ, ಅಂದರೆ ಚೂರು ಅಂಗಾಂಶ ತೆಗೆದು ನೋಡುವ ಪರೀಕ್ಷೆ, ಬೇಕು. ಬಾಯಿ ತೋರಿಸುವಾಗ ಸೆಟ್ಟು ತೆಗೆದೇ ತೋರಿಸಬೇಕು, ಏಕೆಂದರೆ ಮಚ್ಚೆ ಅದರಡಿಯಲ್ಲೇ ಅಡಗಿರಬಹುದು. ಚಟವೇ ಇಲ್ಲದ ಅಜ್ಜಿಯಂದಿರನ್ನೂ ಬಿಡುವಂತಿಲ್ಲ: ವಸಡಿನ ಮೇಲೆ ನರುಲಿಯಂತೆ ಒರಟಾಗಿ ಹಬ್ಬುವ ಒಂದು ಬಗೆಯ ಲ್ಯುಕೋಪ್ಲಾಕಿಯ ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲೇ ಕಾಣಿಸುತ್ತದೆ, ಮತ್ತು ಕತ್ತರಿಸಿ ತೆಗೆದರೂ ಮರಳುವ ಸ್ವಭಾವದ್ದಾದ್ದರಿಂದ ಅವರು ಕೆಲವು ತಿಂಗಳಿಗೊಮ್ಮೆ ಬಾಯಿ ತೋರಿಸುತ್ತಲೇ ಇರಬೇಕಾಗುತ್ತದೆ.